ರೊಟ್ಟಿ ಎಂದು ಹುಡುಕಿದ್ದು, ಭಾಕರಿ ಎಂದು ಸಿಕ್ಕಿದ್ದು

ರೊಟ್ಟಿ ಬಡಿಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ ಎಂಬ ನಂಬಿಕೆಯಲ್ಲಿ ಐವತ್ತು ದಾಟಿದವನು ನಾನು. ಜೋಳ ಇರಬೇಕು, ಹಂಚು ಕಾಯಬೇಕು, ತಿನ್ನುವವನಿಗೆ ಹಸಿವಾಗಿರಬೇಕು, ಅಷ್ಟೇ. ಆದರೆ ರೊಟ್ಟಿ ಬಡಿಯುವ ಯಂತ್ರಕ್ಕೆ ಅಪ್ಪಣೆ ಬೇಕಾಗಬಹುದು, ಅದನ್ನು ಕೊಡುವ ಅಧಿಕಾರ ನಾನು ಮುಖವನ್ನೇ ನೋಡದ ಒಬ್ಬ ಗೃಹಸ್ಥರ ಕೈಯಲ್ಲಿರಬಹುದು ಎಂಬ ಜ್ಞಾನೋದಯವಾದದ್ದು ಗೋವಾದ ಮ್ಹಾಪಸಾದ ನನ್ನ ಪಾತ್ರೆ ಅಂಗಡಿಯಲ್ಲಿ, ಹೆಣ್ಣುಮಗಳೊಬ್ಬರು ಕುಕ್ಕರಿನ ರಬ್ಬರ್ ಕೊಳ್ಳಲು ಬಂದ ದಿನ.

ಅದಕ್ಕೆ ಮೊದಲು ಯಂತ್ರದ ಜನ್ಮವೃತ್ತಾಂತ ಹೇಳಬೇಕು.

ನಮ್ಮ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬೈಲಹೊಂಗಲ ಕಡೆಯ ಅಕ್ಕ ಒಬ್ಬರ ಖಾನಾವಳಿ ಇದೆ. ಶುಕ್ರವಾರದ ಸಂತೆಗೆ ಬರುವ ಲಾರಿಯವರು, ಹಮಾಲರು, ನನ್ನಂಥ ಅಂಗಡಿಕಾರರು, ಗೋವಾದಲ್ಲಿದ್ದೂ ಅನ್ನದಿಂದ ಹೊಟ್ಟೆ ತುಂಬಿತೆಂದು ಒಪ್ಪದ ಎಲ್ಲರೂ ಅಲ್ಲಿ ಉಣ್ಣುತ್ತೇವೆ. ಹೋದ ಚಳಿಗಾಲದಲ್ಲಿ ಅಕ್ಕನ ಬಲಗೈ ರಟ್ಟೆ ಕೈಕೊಟ್ಟಿತು. ರೊಟ್ಟಿ ಬಡಿಯುವುದನ್ನು ನಿಲ್ಲಿಸದಿದ್ದರೆ ಕೈ ಮೇಲೆತ್ತುವುದನ್ನೇ ಮರೆಯಬೇಕಾಗುತ್ತದೆ ಎಂದರು ಡಾಕ್ಟರು. ಕೆಲಸಕ್ಕೆ ಇಟ್ಟುಕೊಂಡ ಹೆಣ್ಣುಮಕ್ಕಳು ಸಮುದ್ರದ ಕಡೆಯ ಹೋಟೆಲುಗಳಿಗೆ ಹೋದರು. ಅಲ್ಲಿ ಹಾಸಿಗೆಯ ಚಾದರ ಬದಲಿಸಿದರೆ ಸಾಕು, ಏನನ್ನೂ ಬಡಿಯಬೇಕಾಗಿಲ್ಲ.

“ರೊಟ್ಟಿಗಿ ರಟ್ಟಿ ಕೊಟ್ಟೇನಿ ಅಣ್ಣಾರ, ಇನ್ನ ಕೊಡಾಕ ಏನೂ ಉಳದಿಲ್ಲ” ಎಂದರು ಅಕ್ಕ. “ದೀಪಾವಳಿ ತನಕ ನೋಡ್ತೇನಿ. ಆಮ್ಯಾಲ ಕೀಲಿ ಹಾಕಿ ಮಗಳ ಮನಿಗಿ ಹೋಗ್ತೇನಿ.”

ಆ ಖಾನಾವಳಿ ಮುಚ್ಚಿದರೆ ಅಕ್ಕನ ಬದುಕು ಮಗಳ ಮನೆಯ ಪಡಸಾಲೆಗೆ ಸೇರುತ್ತದೆ, ನಮ್ಮೆಲ್ಲರ ಮಧ್ಯಾಹ್ನಗಳು ಅನಾಥವಾಗುತ್ತವೆ. ನಾನು ಪಾತ್ರೆ ಮಾರುವವನು. ಪಾತ್ರೆ ಮಾರುವವನಿಗೆ ಅಡಿಗೆಮನೆಯ ಕಷ್ಟವೆಲ್ಲ ಒಂದು ಸಾಮಾನಿನ ಕೊರತೆಯಂತೆ ಕಾಣುತ್ತದೆ. ಚಪಾತಿ ಒತ್ತುವ ಯಂತ್ರ ತಂದುಕೊಟ್ಟೆ. ಜೋಳದ ಹಿಟ್ಟಿಗೆ ಗೋದಿಯ ಅಂಟು ಇಲ್ಲ. ಒತ್ತಿದರೆ ಅಂಚು ಬಿರಿಯುತ್ತದೆ, ಲಟ್ಟಿಸಿದರೆ ಹರಿಯುತ್ತದೆ. ಅದನ್ನು ಒಪ್ಪಿಸುವ ದಾರಿ ಒಂದೇ, ಮೆಲ್ಲಗೆ, ಮತ್ತೆ ಮತ್ತೆ, ತಿರುಗಿಸುತ್ತ ಬಡಿಯುವುದು.

ಆಗ ನೆನಪಾದವರು ಉಸಗಾಂವದ ಮಿಸ್ತ್ರಿ. ವಿಜಯಪುರ ಕಡೆಯ ಸಾಹೇಬರು. ಗಣಿ ಲಾರಿಗಳ ಬೆಸುಗೆ ಕೆಲಸಕ್ಕೆಂದು ಬಂದು, ಗಣಿ ನಿಂತ ಮೇಲೂ ಊರಿಗೆ ಹೋಗದೆ ಅಲ್ಲೇ ಒಂದು ತಗಡಿನ ಶೆಡ್ಡಿನಲ್ಲಿ ಗೇಟು, ಕಿಟಕಿ ಮಾಡಿಕೊಂಡಿದ್ದವರು. ಅವರಿಗೆ ನಾನು ಹೇಳಿದ್ದು ಒಂದೇ ಮಾತು: ಅಕ್ಕನ ಕೈ ಮಾಡಬೇಕು. ಅವರು ಅಕ್ಕನ ಅಡಿಗೆಮನೆಯಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಕುಳಿತು ನೋಡಿದರು, ಮೂರು ರೊಟ್ಟಿ ತಿಂದರು, ಹೋದರು. ಮಳೆಗಾಲ ಶುರುವಾಗುವ ಹೊತ್ತಿಗೆ ಯಂತ್ರ ತಂದರು.

ಕಾಲಡಿ ಒಂದು ಪೆಡಲ್. ಅದನ್ನು ತುಳಿದರೆ ಮೇಲಿನ ತೋಳು ಕೆಳಗಿಳಿದು, ಅಂಗೈ ಆಕಾರದ ರಬ್ಬರ್ ಪ್ಯಾಡಿನಿಂದ ಹಿಟ್ಟನ್ನು ಬಡಿಯುತ್ತದೆ. ಹಿಟ್ಟು ಕೂತ ತಟ್ಟೆ ಪ್ರತಿ ಹೊಡೆತಕ್ಕೂ ತಾನಾಗಿ ಒಂದಿಷ್ಟು ತಿರುಗುತ್ತದೆ. ಈ ತಿರುಗುವಿಕೆಗೆ ಮಿಸ್ತ್ರಿ ಹಳೆ ಸೈಕಲ್ಲಿನ ಫ್ರೀವೀಲ್ ಎಂಬ ಹಲ್ಲುಚಕ್ರ ಹಾಕಿದ್ದರು. ತುಳಿದರೆ ‘ಧಪ್’, ಬಿಟ್ಟರೆ ‘ಟಿಕ್ ಟಿಕ್’. ಆ ಟಿಕ್ ಟಿಕ್ ಕೇಳುವಾಗ ಮಿಸ್ತ್ರಿಯ ಮುಖದಲ್ಲಿ ಮೊಮ್ಮಗ ಮೊದಲ ಮಾತಾಡಿದ ಅಜ್ಜನ ಕಳೆ ಇರುತ್ತಿತ್ತು.

ರೊಟ್ಟಿ ಆಯಿತು. ಅಕ್ಕನ ಕೈಯಷ್ಟು ತೆಳುವಾಗಲಿಲ್ಲ, ಆದರೆ ಆಯಿತು. ಆ ಮಾದರಿ ಯಂತ್ರ ಅಕ್ಕನ ಅಡಿಗೆಮನೆಯಲ್ಲೇ ಉಳಿಯಿತು. ಬೆಳಗಾವಿಯ ಫೌಂಡ್ರಿಯಲ್ಲಿ ಎರಕಕ್ಕೆ, ಅಲ್ಲಿಯೇ ರಬ್ಬರ್ ಪ್ಯಾಡಿನ ಅಚ್ಚಿಗೆ ಹೇಳಿಬಿಡುವುದೆಂದು ನಾವು ನಿಶ್ಚಯಿಸಿದೆವು. ಎರಕದ ಮೊದಲ ಯಂತ್ರ ಅಕ್ಕನಿಗೆ, ಉಳಿದವು ಬೇರೆ ಖಾನಾವಳಿಗಳಿಗೆ. ನಾನು ಆಗಲೇ ‘ಪೇಟೆಂಟ್ ಪಡೆದ’ ಎಂಬ ಬಂಗಾರದ ಬಣ್ಣದ ಸ್ಟಿಕರುಗಳ ಮಾದರಿಯನ್ನೂ ತರಿಸಿದ್ದೆ. ಪೇಟೆಂಟ್ ಪಡೆಯುವುದೊಂದು ಬಾಕಿ ಇತ್ತು.

ಕುಕ್ಕರಿನ ರಬ್ಬರಿಗೆ ಬಂದವರು ಪಣಜಿಯಲ್ಲಿ ಪೇಟೆಂಟ್ ಕೆಲಸ ಮಾಡುವ ವಕೀಲೆ. ಕಾರವಾರದ ಕನ್ನಡ ಶಾಲೆಯಲ್ಲಿ ಓದಿದವರು. ಕನ್ನಡವನ್ನು ಇಸ್ತ್ರಿ ಮಾಡಿ ಮಾತನಾಡುತ್ತಾರೆ. ಗಲ್ಲಾಪೆಟ್ಟಿಗೆಯ ಮೇಲಿದ್ದ ಸ್ಟಿಕರ್ ಓದಿದರು.

“ಹುಡುಕಿ ನೋಡಿದ್ದೀರಾ?”

ಏನನ್ನು ಎಂದೆ. ಸ್ಟಿಕರ್ ಕಳೆದಿರಲಿಲ್ಲ.

“ಇದು ಈಗಾಗಲೇ ಬೇರೆ ಯಾರದ್ದಾದರೂ ಆಗಿದೆಯೇ ಎಂದು.”

ರಬ್ಬರಿನ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಅವರು ವಿವರಿಸಿದರು. ಪ್ರಶ್ನೆ ಒಂದಲ್ಲ, ಎರಡು. ನಮಗೆ ಪೇಟೆಂಟ್ ಸಿಗುತ್ತದೆಯೇ ಎಂಬುದು ಮೊದಲನೆಯದು. ಬೇರೆಯವರ ಜೀವಂತ ಪೇಟೆಂಟನ್ನು ನಾವು ತುಳಿಯುತ್ತಿದ್ದೇವೆಯೇ ಎಂಬುದು ಎರಡನೆಯದು. ಮೊದಲನೆಯದರ ಉತ್ತರ ಕೆಟ್ಟದಾದರೆ ಬೇಸರ, ಎರಡನೆಯದರ ಉತ್ತರ ಕೆಟ್ಟದಾದರೆ ನೋಟಿಸು. ಹೊಲ ನಮ್ಮ ಹೆಸರಿಗಾಗುವುದು ಬೇರೆ, ಇನ್ನೊಬ್ಬರ ಹೊಲದಲ್ಲಿ ಬಿತ್ತುವುದು ಬೇರೆ ಎಂದು ನಾನು ಅರ್ಥ ಮಾಡಿಕೊಂಡೆ. ಎರಕಕ್ಕೆ ಹೇಳುವ ಮೊದಲು ಇದಾಗಬೇಕು. ಅಚ್ಚು ಬಿದ್ದ ಮೇಲೆ ಬುದ್ಧಿ ಬಂದರೆ ಹಾಕಿದ ದುಡ್ಡು ಮರಳುವುದಿಲ್ಲ. ಮೊದಲ ಸುತ್ತಿನ ಹುಡುಕಾಟ ನೀವೇ ಮಾಡಿ, ನಿಮ್ಮ ವಸ್ತು ನಿಮಗೇ ಚೆನ್ನಾಗಿ ಗೊತ್ತು, ಸಿಕ್ಕಿದ್ದನ್ನು ನನ್ನಲ್ಲಿಗೆ ತನ್ನಿ ಎಂದರು. ಮತ್ತು ಅಲ್ಲಿಯವರೆಗೆ ಯಂತ್ರವನ್ನು ಯಾರಿಗೂ ತೋರಿಸಬೇಡಿ, ಗುಟ್ಟಾಗಿರಲಿ.

ಗುಟ್ಟಾಗಿಯೇ ಇದೆ ಎಂದೆ. ನನಗೆ, ಮಿಸ್ತ್ರಿಗೆ, ಅಕ್ಕನಿಗೆ ಮತ್ತು ಖಾನಾವಳಿಯಲ್ಲಿ ಉಣ್ಣುವವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ವಕೀಲೆ ಕಣ್ಣು ಮುಚ್ಚಿ ತೆರೆದರು.

ಅವರು ಹೇಳಿಕೊಟ್ಟ ಕ್ರಮ ಹೀಗಿತ್ತು. ಯಂತ್ರವನ್ನು ಬಿಡಿ ಭಾಗಗಳಾಗಿ ಬರೆಯಬೇಕು: ಪೆಡಲ್, ತೋಳು, ಪ್ಯಾಡ್, ತಟ್ಟೆ, ತಟ್ಟೆ ತಿರುಗಿಸುವ ಹಲ್ಲುಚಕ್ರ. ಪ್ರತಿ ಭಾಗಕ್ಕೂ, ಅದು ಮಾಡುವ ಕೆಲಸಕ್ಕೂ, ಜಗತ್ತಿನಲ್ಲಿ ಇರಬಹುದಾದ ಎಲ್ಲ ಹೆಸರುಗಳನ್ನು ಬರೆಯಬೇಕು. ಏಕೆಂದರೆ ಪೇಟೆಂಟ್ ಬರೆಯುವವರು ವಸ್ತುವನ್ನು ಅದರ ಹೆಸರಿನಿಂದ ಕರೆಯುವುದಿಲ್ಲ. ಕುರ್ಚಿಗೆ ‘ಕುಳಿತುಕೊಳ್ಳುವ ಸಾಧನ’ ಎನ್ನುವ ಜನ. ಆಮೇಲೆ ಸರಕಾರದ ಪೇಟೆಂಟ್ ತಾಣದಲ್ಲಿ ಆ ಹೆಸರುಗಳನ್ನು ಒಂದೊಂದಾಗಿ, ಜೋಡಿಜೋಡಿಯಾಗಿ ಹಾಕಿ ಹುಡುಕಬೇಕು. ಹಿಟ್ಟಿನ ಯಂತ್ರಗಳಿಗೆಲ್ಲ ಒಂದು ಅಂತರರಾಷ್ಟ್ರೀಯ ಗೋತ್ರಸಂಖ್ಯೆ ಇದೆ, ಅದರೊಳಗೂ ಇಣುಕಬೇಕು. ಸಿಕ್ಕ ಪ್ರತಿಯೊಂದರಲ್ಲೂ ಚಿತ್ರ ನೋಡಿ ಹೆದರಬಾರದು, ವರ್ಣನೆ ಓದಿ ಮರುಳಾಗಬಾರದು. ಕೊನೆಯಲ್ಲಿರುವ ಹಕ್ಕುಸಾಧನೆಯ, ಅಂದರೆ ‘ಇದಿಷ್ಟು ನನ್ನದು’ ಎನ್ನುವ, ವಾಕ್ಯಗಳನ್ನು ಓದಬೇಕು. ಬೇಲಿ ಇರುವುದು ಅಲ್ಲಿ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಬಿಲ್ಲು ಮಾಡುವ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ ಕುಳಿತೆ. ರೊಟ್ಟಿಗೆ ಪರ್ಯಾಯ ಪದಗಳನ್ನು ಬರೆಯುವಾಗ ನನ್ನ ಪಾಂಡಿತ್ಯಕ್ಕೆ ನಾನೇ ತಲೆದೂಗಿದೆ. ರೋಟಿ, ಚಪಾತಿ, ಫುಲ್ಕಾ, ಫ್ಲಾಟ್‌ಬ್ರೆಡ್, ಮೆಕ್ಸಿಕೋದವರ ಟೋರ್ಟಿಯಾ ಕೂಡ. ಬಡಿಯುವುದಕ್ಕೆ ‘ಬೀಟಿಂಗ್’ ಎಂದು ಬರೆದೆ. ಬಡಿ ಎಂದರೆ ಬೀಟ್; ಇದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ.

ಮಳೆಗಾಲದಲ್ಲಿ ಪಾತ್ರೆ ವ್ಯಾಪಾರ ಮಂದ. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಹುಡುಕಿದೆ. ‘ಬೀಟಿಂಗ್’ ಎಂದದ್ದಕ್ಕೆ ಮೊಟ್ಟೆ ಕಡೆಯುವ ಯಂತ್ರಗಳು ಬಂದವು, ರತ್ನಗಂಬಳಿಯ ಧೂಳು ಕೊಡವುವ ಯಂತ್ರ ಬಂತು, ಹೃದಯದ ಬಡಿತ ಅಳೆಯುವ ಉಪಕರಣವೂ ಬಂತು. ಎಲ್ಲವನ್ನೂ ಭಕ್ತಿಯಿಂದ ಓದಿದೆ. ರೋಟಿ ಎಂದದ್ದಕ್ಕೆ ಒತ್ತುವವು, ಲಟ್ಟಿಸುವವು, ಒತ್ತುತ್ತಲೇ ಬೇಯಿಸುವವು ಬಂದವು. ಒಂದೊಂದನ್ನೂ ನಮ್ಮ ಐದು ಭಾಗಗಳ ಪಕ್ಕದಲ್ಲಿಟ್ಟು ಹೋಲಿಸಿದೆ. ಕೆಲವು ಸತ್ತ ಪೇಟೆಂಟುಗಳು. ವರ್ಷಾವರ್ಷದ ಫೀ ಕಟ್ಟದೆ ಪ್ರಾಣಬಿಟ್ಟವು. ಅವುಗಳಲ್ಲೊಂದು ಸನ್ನೆಗೋಲಿನಿಂದ ಪಾಪಡ ಒತ್ತುವ ಸಾಧನ; ಎಷ್ಟು ಚಂದದ ಚಿತ್ರ ಬರೆದಿದ್ದ ಪುಣ್ಯಾತ್ಮ. ಒಂದು ಕ್ಷಣ ಮೌನ ಆಚರಿಸಿ ಮುಂದಕ್ಕೆ ಹೋದೆ.

ನಮ್ಮಂಥದ್ದು ಒಂದೂ ಇರಲಿಲ್ಲ. ಜಗತ್ತಿನಲ್ಲಿ ಯಾರೂ ರೊಟ್ಟಿಯನ್ನು ಬಡಿದಿರಲಿಲ್ಲ.

ಈ ಶುಭವಾರ್ತೆಯನ್ನು ಹೊತ್ತು ಪಣಜಿಗೆ ಹೋದೆ. ವಕೀಲೆ ನನ್ನ ಪದಗಳ ಮೇಲೆ ಕಣ್ಣಾಡಿಸಿ, ಇದನ್ನು ಇಲ್ಲಿಯ ಜನ ಭಾಕರಿ ಎನ್ನುವುದಿಲ್ಲವೇ ಎಂದು ಕೇಳಿದರು. ಅಲ್ಲಿ ನಾನು ಒಂದು ಉಪನ್ಯಾಸ ಮಾಡಿದೆ. ಭಾಕರಿ ಬೇರೆ, ರೊಟ್ಟಿ ಬೇರೆ. ಭಾಕರಿ ದಪ್ಪ, ರೊಟ್ಟಿ ತೆಳು. ಇಲ್ಲಿ ಭಾಕರಿಯನ್ನು ಅಕ್ಕಿಯದು ಮಾಡುತ್ತಾರೆ, ನಾಚಣಿ ಎಂಬ ರಾಗಿಯದು ಮಾಡುತ್ತಾರೆ, ಕೆಲವರು ಕೊಬ್ಬರಿಯನ್ನೂ ಹಾಕುತ್ತಾರೆ. ರೊಟ್ಟಿ ಎಂದರೆ ಜೋಳ. ಅದನ್ನು ಕಿವಿಯ ಹತ್ತಿರ ಹಿಡಿದು ಮುರಿದರೆ ಕೇಳಿಸಬೇಕು. ಎರಡನ್ನೂ ಒಂದೇ ಎನ್ನುವವರು ಹೊಳೆಯನ್ನೂ ಸಮುದ್ರವನ್ನೂ ನೀರು ಎಂದು ಸುಮ್ಮನಾಗುವವರು. ವಕೀಲೆ ತಜ್ಞರ ಮಾತಿಗೆ ತಲೆಬಾಗುವ ಸಜ್ಜನೆ. ಆ ಪದ ಪಟ್ಟಿಗೆ ಸೇರಲಿಲ್ಲ.

ಇಷ್ಟು ವರ್ಷ ಗೋವಾದಲ್ಲಿದ್ದೂ ಭಾಕರಿ ಎಂಬ ಶಬ್ದವನ್ನು ಹೊಸ್ತಿಲು ದಾಟಲು ನಾನು ಬಿಟ್ಟವನಲ್ಲ. ಯಂತ್ರದ ಸುದ್ದಿ ಹರಡಿದ ಮೇಲೆ ಆ ಶಬ್ದ ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಬರುತ್ತಿತ್ತು. ಅದರಲ್ಲೂ ಒಬ್ಬರು ಶಾಲೆಯ ಟೀಚರಮ್ಮ, ಇಲ್ಲಿಯವರ ಮಾತಿನಲ್ಲಿ ಟೀಚರ್ ಬಾಯಿ, ಕೊಂಕಣಿಯವರು, ಮೈದುನನ ಖಾನಾವಳಿಗೆ ಯಂತ್ರ ಬೇಕೆಂದು ಬಂದಾಗಲೆಲ್ಲ ‘ಭಾಕರಿ’ ಎನ್ನುತ್ತಿದ್ದರು, ನಾನು ತಿದ್ದುತ್ತಿದ್ದೆ. ಮಕ್ಕಳನ್ನು ತಿದ್ದಿ ಅಭ್ಯಾಸವಾದವರಿಗೆ ತಿದ್ದಿಸಿಕೊಳ್ಳುವುದು ಹಿತವಾಗಿರಲಿಕ್ಕಿಲ್ಲ, ಆದರೆ ಸಹಿಸಿಕೊಂಡಿದ್ದರು.

ಬೆಳಗಾವಿಗೆ ಎರಕದ ಮಾದರಿ ಕಳಿಸಬೇಕೆಂದು ಕಟ್ಟಿ ಇಟ್ಟ ದಿನ ಅವರು ಮತ್ತೆ ಬಂದರು. ಕೊಡೆ ಮಡಚುತ್ತ ಕೇಳಿದರು:

“ಶೇಟ್, ತುಮ್ಚೆಂ ಭಾಕ್ರೆಚೆಂ ಮಶೀನ್ ಕೆನ್ನಾ ಯೆತಲೆಂ?”

ನಿಮ್ಮ ಭಾಕರಿ ಮಶೀನು ಯಾವಾಗ ಬರುತ್ತದೆ ಎಂದು. ನಾನು ಎಂದಿನಂತೆ, ಬಾಯಿ, ಇದು ಭಾಕರಿಯದ್ದಲ್ಲ ಎಂದು ಶುರು ಮಾಡಿದವನು ಅರ್ಧಕ್ಕೆ ನಿಂತೆ. ಇವರು ಭಾಕರಿ ಎನ್ನುತ್ತಾರೆ. ಇವರ ಹಾಗೆ ಸೋಲಾಪುರದವರು ಎನ್ನುತ್ತಾರೆ, ಕೊಲ್ಹಾಪುರದವರು ಎನ್ನುತ್ತಾರೆ. ನಮ್ಮ ಹಾಗೆ ಜೋಳ ತಿನ್ನುವ, ನಮ್ಮ ಹಾಗೆ ರಟ್ಟೆ ನೋಯುವ ಕೋಟ್ಯಂತರ ಜನ ಅದನ್ನು ಭಾಕರಿ ಎನ್ನುತ್ತಾರೆ. ಅವರಲ್ಲಿ ಒಬ್ಬನಿಗೂ ಯಂತ್ರ ಮಾಡುವ ಬುದ್ಧಿ ಬಂದಿರುವುದಿಲ್ಲವೆಂದು ನಾನು ಯಾವ ಧೈರ್ಯದ ಮೇಲೆ ಕುಳಿತಿದ್ದೇನೆ? ಮೆಕ್ಸಿಕೋದ ಹೆಸರು ಬರೆದವನು ಮ್ಹಾಪಸಾದ ಹೆಸರು ಬರೆದಿರಲಿಲ್ಲ.

ಟೀಚರ್ ಬಾಯಿಗೆ ಕುಳಿತುಕೊಳ್ಳಲು ಸ್ಟೂಲು ಕೊಟ್ಟು, ಭಾಕರಿ ಮಾಡುವುದಕ್ಕೆ ನೀವು ಏನೆನ್ನುತ್ತೀರಿ ಎಂದು ಕೇಳಿದೆ. ಅವರು ಅನುಮಾನದಿಂದಲೇ, ‘ಥಾಪಪ’ ಎಂದು ಗಾಳಿಯಲ್ಲಿ ಅಂಗೈಯಿಂದ ತಟ್ಟಿ ತೋರಿಸಿದರು. ತಟ್ಟುವುದು. ಬಡಿಯುವುದಲ್ಲ. ನಾವು ಬಡಿಯುವುದನ್ನು ಅವರು ತಟ್ಟುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಪ್ಯಾಟಿಂಗ್’.

ಭಾಕರಿ, ಪ್ಯಾಟಿಂಗ್ ಎಂದು ಒತ್ತಿದೆ.

ಒಂದೇ ಒಂದು ಬಂತು. ಸೋಲಾಪುರ ಕಡೆಯ ಗೃಹಸ್ಥರೊಬ್ಬರದ್ದು. ಚಿತ್ರದಲ್ಲಿ ಪೆಡಲ್ ಇತ್ತು, ತೋಳಿತ್ತು, ಪ್ಯಾಡ್ ಇತ್ತು, ತಟ್ಟೆ ಇತ್ತು. ಹಕ್ಕುಸಾಧನೆಯ ಮೊದಲ ವಾಕ್ಯ ಅರ್ಧ ಪುಟದಷ್ಟು ಉದ್ದ. ಅದರ ಬಾಲದಲ್ಲಿ, ತೋಳಿನ ಪ್ರತಿ ಹೊಡೆತಕ್ಕೂ ತಟ್ಟೆ ತಾನಾಗಿ ಒಂದು ಅಂಶ ತಿರುಗುವಂತೆ ಎರಡನ್ನೂ ಜೋಡಿಸುವ ಹಲ್ಲುಚಕ್ರ. ಸ್ಥಿತಿ: ಜಾರಿಯಲ್ಲಿದೆ. ಫೀ ಕಟ್ಟಿದ್ದಾರೆ. ಆಯುಷ್ಯ ಇನ್ನೂ ಬಹಳ ಇದೆ.

ಬೆಳಗಾವಿಗೆ ಕಟ್ಟಿ ಇಟ್ಟದ್ದನ್ನು ಬಿಚ್ಚಿದೆ. ಟೀಚರ್ ಬಾಯಿಗೆ ಚಹಾ ತರಿಸಿದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ, ಆದರೆ ಕುಡಿದರು.

ಉಸಗಾಂವಕ್ಕೆ ಹೋಗಿ ಮಿಸ್ತ್ರಿಗೆ ಚಿತ್ರ ತೋರಿಸಿದೆ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಕೈಯಲ್ಲಿದ್ದ ಬೆಸುಗೆಯ ಕನ್ನಡಕವನ್ನು ಹಾಕಿಕೊಂಡು ತೆಗೆದರು.

“ನಾ ಏನ್ ಕದ್ದಿಲ್ರಿ ಸಾವಕಾರ್ರ. ಈ ಮನಷ್ಯಾನ್ನ ನಾ ನೋಡೇ ಇಲ್ಲ.”

ನನಗೆ ಗೊತ್ತಿತ್ತು. ಅದನ್ನೇ ಪಣಜಿಯಲ್ಲಿ ವಕೀಲೆಗೂ ಹೇಳಿದೆವು. ಈ ಸಲ ಇಬ್ಬರೂ ಬಸ್ಸು ಹತ್ತಿ ಹೋಗಿದ್ದೆವು. ಅವರು ಮೃದುವಾಗಿಯೇ ಹೇಳಿದರು: ಕದ್ದಿರೋ, ಸ್ವಂತ ಬುದ್ಧಿಯಿಂದ ಮಾಡಿದಿರೋ ಎಂದು ಪೇಟೆಂಟ್ ಕಾನೂನು ಕೇಳುವುದಿಲ್ಲ. ಮೊದಲು ಯಾರು ಬಂದರು ಎಂದಷ್ಟೇ ಕೇಳುತ್ತದೆ. ಮಿಸ್ತ್ರಿ ತಲೆ ಅಲ್ಲಾಡಿಸಿದರು. ಅವರಿಗೆ ನೋಟಿಸಿನ ಚಿಂತೆಗಿಂತ ಆ ಮಾತು ಹೆಚ್ಚು ತಾಗಿತೆಂದು ನನಗನ್ನಿಸಿತು.

ವಕೀಲೆ ಕೆಲಸಕ್ಕೆ ಇಳಿದರು. ಆ ಉದ್ದನೆಯ ವಾಕ್ಯವನ್ನು ಮೀನು ಹೆಚ್ಚಿದಂತೆ ತುಂಡು ತುಂಡು ಮಾಡಿ ಒಂದು ಕಡೆ, ನಮ್ಮ ಯಂತ್ರದ ಭಾಗಗಳನ್ನು ಇನ್ನೊಂದು ಕಡೆ ಬರೆದರು. ತುಂಡುಗಳು ಐದು. ಐದಕ್ಕೂ ನಮ್ಮಲ್ಲಿ ಜೋಡಿ ಇತ್ತು. ಇಷ್ಟು ಗುಣ ಕೂಡುವ ಜಾತಕಗಳನ್ನು ನಮ್ಮ ಮನೆತನದಲ್ಲಿ ಯಾರೂ ನೋಡಿಲ್ಲ.

ಇದರಲ್ಲಿ ಒಂದು ತುಂಡು ಕೂಡದಿದ್ದರೂ ನೀವು ಬೇಲಿಯ ಹೊರಗೆ ಎಂದರು. ಆದರೆ ನಿಜವಾಗಿ ಕೂಡಬಾರದು, ಕಣ್ಣಿಗೆ ಮಣ್ಣೆರಚುವ ಹಾಗಲ್ಲ. ಮಿಸ್ತ್ರಿ ತಕ್ಷಣ ಉಪಾಯ ಹೂಡಿದರು. ತಟ್ಟೆ ಪ್ರತಿ ಹೊಡೆತಕ್ಕೆ ತಿರುಗುವ ಬದಲು ಒಂದು ಬಿಟ್ಟು ಒಂದು ಹೊಡೆತಕ್ಕೆ ತಿರುಗಿದರೆ? ವಕೀಲೆ ನಕ್ಕರು. ಅದೇ ಕೆಲಸವನ್ನು ಅದೇ ರೀತಿ ಮಾಡಿ ಸ್ವಲ್ಪ ಕುಂಟಿದರೆ ನ್ಯಾಯಾಧೀಶರು ಕುಂಟನ್ನು ನೋಡುವುದಿಲ್ಲ, ನಡಿಗೆಯನ್ನು ನೋಡುತ್ತಾರೆ ಎಂದರು. ಇನ್ನೊಂದು ದಾರಿ ಆ ಸೋಲಾಪುರದ ಗೃಹಸ್ಥರನ್ನೇ ಕಂಡು ಲೈಸೆನ್ಸ್ ಕೇಳುವುದು. ಕೇಳಬಹುದು. ಅವರು ಒಲ್ಲೆ ಎಂದರೆ? ದೀಪಾವಳಿಯ ಒಳಗೆ ಉತ್ತರವನ್ನೇ ಕೊಡದಿದ್ದರೆ? ಆ ದಾರಿಯನ್ನು ಮುಚ್ಚದೆ ಹಾಗೇ ಇಟ್ಟೆವು. ಮೊದಲು ಪ್ರತಿ ಭಾಗವನ್ನೂ ಬಿಚ್ಚಿ, ಬೇರೆ ಬೇರೆಯಾಗಿ ಫೋಟೋ ತೆಗೆದು ಕಳಿಸಿ, ಯಾವುದು ಯಾವುದಕ್ಕೆ ಹೇಗೆ ಸೇರುತ್ತದೆಂದು ನಾನು ಕಣ್ಣಾರೆ ನೋಡಬೇಕು ಎಂದು ವಕೀಲೆ ಹೇಳಿ ಕಳಿಸಿದರು.

ಶುಕ್ರವಾರ ಮಿಸ್ತ್ರಿ ಪಾನಾ, ಸ್ಪ್ಯಾನರುಗಳ ಚೀಲ ಹಿಡಿದು ಖಾನಾವಳಿಗೆ ಬಂದರು. ಸಂತೆಯ ದಿನ ಬರಬೇಡಿ ಎಂದು ಅಕ್ಕ ಹೇಳಿದ್ದರು. ಮಿಸ್ತ್ರಿಗೆ ಬಸ್ಸು ಸಿಕ್ಕ ದಿನವೇ ಮುಹೂರ್ತ. ಫ್ರೀವೀಲ್ ಬಿಚ್ಚಿ ಪತ್ರಿಕೆಯೊಂದರ ಮೇಲೆ ಇಟ್ಟು ನಾನು ಫೋಟೋ ತೆಗೆಯುವಷ್ಟರಲ್ಲಿ ಬೆಳಗಾವಿಯ ತರಕಾರಿ ಲಾರಿಯವರು ಒಟ್ಟಿಗೇ ಒಳಗೆ ಬಂದರು. ಅಕ್ಕ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಆ ನೋಟವನ್ನು ಕನ್ನಡಕ್ಕೆ ಇಳಿಸುವುದು ಬೇಡ.

“ಜೋಡಸಾಕ ಎಷ್ಟೊತ್ತ ಬೇಕ್ರಿ?”

ಮಿಸ್ತ್ರಿ, ಸ್ವಲ್ಪ ತಡೀರಿ ಅಕ್ಕಾರ ಎಂದರು. ಅಕ್ಕ ತಡೆಯಲಿಲ್ಲ. ಫ್ರೀವೀಲ್ ಇಲ್ಲದ ತಟ್ಟೆ ಸಡಿಲವಾಗಿ ತಿರುಗುತ್ತಿತ್ತು. ಅದರ ಮೇಲೆ ಹಿಟ್ಟಿನ ಉಂಡೆ ಇಟ್ಟರು, ಪೆಡಲ್ ತುಳಿದರು, ಎಡಗೈಯಿಂದ ತಟ್ಟೆಯನ್ನು ತಿರುಗಿಸಿದರು. ಮತ್ತೆ ತುಳಿದರು, ತಿರುಗಿಸಿದರು. ಅಂಚು ಬಿರಿಯುವಂತೆ ಕಂಡಲ್ಲಿ ತಟ್ಟೆಯನ್ನು ಹಿಡಿದು ನಿಲ್ಲಿಸಿ ಅಲ್ಲಿಯೇ ಎರಡು ಪೆಟ್ಟು ಹಾಕಿದರು. ಧಪ್, ಧಪ್. ಟಿಕ್ ಟಿಕ್ ಇಲ್ಲ. ಪೂರ್ತಿ ಅಗಲಕ್ಕೆ ಬಂದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿದಾಗ ಅದರ ಮೂಲಕ ಒಲೆಯ ಬೆಳಕು ಕಾಣಿಸಿದಂತೆ ನನಗೆ ಭಾಸವಾಯಿತು.

ಲಾರಿಯವರು ಎದ್ದು ಹೋಗುವವರೆಗೆ ಅವರು ನಿಲ್ಲಿಸಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದರು:

“ಇಷ್ಟ ದಿನಾ ಎಡಗೈ ಬೀಗರ ಮನ್ಯಾಗ ಕುಂತಂಗ ಸುಮ್ಮನ ಕುಂದರತಿತ್ತ ನೋಡ್ರಿ. ಇವತ್ತ ಅದಕ್ಕೂ ಒಂದ ಕೆಲಸ ಸಿಕ್ತು.”

ಅಕ್ಕನ ಬಲ ರಟ್ಟೆಗೆ ಬೇಕಾಗಿದ್ದದ್ದು ಬಡಿತದಿಂದ ಬಿಡುಗಡೆ. ಅದನ್ನು ಪೆಡಲ್ ಕೊಟ್ಟಿತ್ತು. ಎಡಗೈ ಯಾವ ದೂರನ್ನೂ ಕೊಟ್ಟಿರಲಿಲ್ಲ. ನಾವು ಕೇಳದೆಯೇ ಅದಕ್ಕೆ ನಿವೃತ್ತಿ ಕೊಟ್ಟುಬಿಟ್ಟಿದ್ದೆವು.

ಫ್ರೀವೀಲ್ ಪತ್ರಿಕೆಯ ಮೇಲೆ ಎಣ್ಣೆ ಬಿಡುತ್ತ ಕುಳಿತಿತ್ತು. ಅದನ್ನು ಜೋಡಿಸಬೇಕೇ ಬೇಡವೇ ಎಂಬುದು ನಾನು ಹೇಳುವ ಮಾತಾಗಿರಲಿಲ್ಲ. ಮಿಸ್ತ್ರಿ ಅದನ್ನು ಕೈಗೆತ್ತಿಕೊಂಡು ಬೆರಳಿನಿಂದ ಒಂದು ಸಲ ತಿರುಗಿಸಿದರು. ಟಿಕ್ ಟಿಕ್ ಟಿಕ್ ಎಂದಿತು.

“ಸಪ್ಪಳಾ ಭಾಳ ಚಲೋ ಇತ್ರಿ” ಎಂದರು. ನಂತರ ಅದನ್ನು ಪತ್ರಿಕೆಯಲ್ಲಿ ಸುತ್ತಿ ಪಾನಾಗಳ ಚೀಲಕ್ಕೆ ಹಾಕಿಕೊಂಡರು. “ಬ್ಯಾಡ ಬಿಡ್ರಿ. ಮಂದಿ ಹೊಲದಾಗಿನ ಕಬ್ಬು ಸಿಹಿ ಇದ್ರೂ ಮುರೀಬಾರದು.”

ಪಣಜಿಗೆ ಮತ್ತೆ ಹೋದೆವು. ವಕೀಲೆ ಐದನೆಯ ತುಂಡಿನ ಎದುರಿಗಿದ್ದ ನಮ್ಮ ಜೋಡಿಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ತಟ್ಟೆಗೂ ತೋಳಿಗೂ ಈಗ ಯಾವ ಸಂಬಂಧವೂ ಇಲ್ಲ. ನಡುವೆ ಇರುವುದು ಒಬ್ಬ ಹೆಂಗಸಿನ ಎಡಗೈ, ಅದರ ಮೇಲೆ ಯಾರ ಪೇಟೆಂಟೂ ಇಲ್ಲ. ಉಳಿದ ಹಕ್ಕುಸಾಧನೆಗಳನ್ನೂ ಓದಿದರು. ಎಲ್ಲವೂ ಮೊದಲನೆಯದಕ್ಕೆ ನೇತುಬಿದ್ದವು, ಮೊದಲನೆಯದರಿಂದ ಹೊರಗಾದವನು ಅವುಗಳಿಂದಲೂ ಹೊರಗೆ. ಬೇಲಿ ದಾಟಿ ಹೊರಗೆ ನಿಂತಿದ್ದೀರಿ, ನನಗೆ ಕಂಡಷ್ಟು ಮಟ್ಟಿಗೆ ಎಂದರು.

ಕಂಡಷ್ಟು ಮಟ್ಟಿಗೆ ಎಂಬುದನ್ನೂ ಬಿಡಿಸಿ ಹೇಳಿದರು. ಈಚಿನ ಅರ್ಜಿಗಳು ಸಾಮಾನ್ಯವಾಗಿ ಒಂದೂವರೆ ವರ್ಷ ಮುಚ್ಚಿದ ಲಕೋಟೆಯಲ್ಲೇ ಇರುತ್ತವೆ, ಪ್ರಕಟವಾಗುವವರೆಗೆ ಯಾರಿಗೂ ಕಾಣುವುದಿಲ್ಲ. ಆ ಕತ್ತಲಿನಲ್ಲಿ ಇನ್ನೊಬ್ಬ ರೊಟ್ಟಿಪ್ರೇಮಿ ಕುಳಿತಿದ್ದರೆ ಅವನನ್ನು ಯಾವ ವಕೀಲರೂ ತೋರಿಸಲಾರರು. ಆಗಾಗ ಮತ್ತೆ ಹುಡುಕುತ್ತಿರಿ.

ಇನ್ನು ಉಳಿದದ್ದು ನನ್ನ ಬಂಗಾರದ ಸ್ಟಿಕರ್. ಸೋಲಾಪುರದವರು ತಮ್ಮ ವರ್ಣನೆಯಲ್ಲಿ, ತಮ್ಮ ಯಂತ್ರ ಯಾಕೆ ಹೊಸದೆಂದು ತೋರಿಸಲು, ಮೊದಲೇ ಇದ್ದದ್ದನ್ನು ಹೇಳಿದ್ದರು: ತಟ್ಟೆಯನ್ನು ಕೈಯಿಂದ ತಿರುಗಿಸುವ, ಪೆಡಲಿನಿಂದ ತಟ್ಟುವ ಸಾಧನಗಳು ಹಿಂದಿನಿಂದ ತಿಳಿದವೇ. ಅಂದರೆ ನಾವು ಕಷ್ಟಪಟ್ಟು ಹಿಂದಕ್ಕೆ ನಡೆದು ತಲುಪಿದ್ದು ಎಲ್ಲರಿಗೂ ಸೇರಿದ ಬಯಲಿಗೆ. ಅಲ್ಲಿ ನಿಲ್ಲಲು ನಮ್ಮನ್ನು ಯಾರೂ ತಡೆಯುವಂತಿಲ್ಲ, ನಾವೂ ಯಾರನ್ನೂ ತಡೆಯುವಂತಿಲ್ಲ. ಪೇಟೆಂಟ್ ಸಿಗುವುದಿಲ್ಲ. ನಾಳೆ ಪಕ್ಕದ ಅಂಗಡಿಯವನು ಇದನ್ನೇ ಮಾಡಿ ಮಾರಿದರೆ ನಮಸ್ಕಾರ ಹಾಕಬೇಕು, ಅಷ್ಟೇ.

ಸ್ಟಿಕರಿನ ಮಾದರಿಯನ್ನು ವಕೀಲೆಯ ಮೇಜಿನ ಮೇಲಿಟ್ಟೆ. ನೆನಪಿಗೆ ಇಟ್ಟುಕೊಳ್ಳಿ ಎಂದೆ. ಅವರು ಅದನ್ನು ತಮ್ಮ ಕುಡಿಯುವ ನೀರಿನ ಬಾಟಲಿಗೆ ಅಂಟಿಸಿಕೊಂಡರು. ಪಣಜಿಯ ಆ ಕಚೇರಿಯಲ್ಲಿ ಈಗ ಪೇಟೆಂಟ್ ಪಡೆದ ನೀರು ಇದೆ.

ಬಸ್ಸಿಗೆ ಹೋಗುವ ದಾರಿಯಲ್ಲಿ ಮಿಸ್ತ್ರಿಯನ್ನು, ಬೇಸರವಾಯಿತೇ ಎಂದು ಕೇಳಿದೆ. ಅವರು ಹೇಳಿದರು, ತಾನು ಇಷ್ಟು ವರ್ಷ ಮಾಡಿದ ಗೇಟುಗಳ ಮೇಲೂ ತನ್ನ ಹೆಸರಿಲ್ಲ, ಆದರೆ ಯಾವುದೂ ಬಿದ್ದಿಲ್ಲ. ಆ ಫ್ರೀವೀಲನ್ನು ಅವರು ಮಗಳ ಸೈಕಲ್ಲಿಗೆ ಹಾಕಿದರೆಂದು ಆಮೇಲೆ ತಿಳಿಯಿತು. ಹುಟ್ಟಿದ ಕೆಲಸಕ್ಕೇ ಮರಳಿದ ಅದೃಷ್ಟವಂತ ವಸ್ತು.

ಬೆಳಗಾವಿಯಿಂದ ಎರಕ ಬಂತು, ಪ್ಯಾಡ್ ಬಂತು. ಮಿಸ್ತ್ರಿಯ ಶೆಡ್ಡಿನಲ್ಲಿ ಗೇಟುಗಳು ಒಂದು ಮೂಲೆಗೆ ಸರಿದವು. ಮೊದಲ ಯಂತ್ರ ದಸರೆಯ ಆಯುಧಪೂಜೆಯ ದಿನ ಖಾನಾವಳಿಗೆ ಹೋಯಿತು. ಅಕ್ಕ ಅದಕ್ಕೆ ಕುಂಕುಮ ಹಚ್ಚಿ, ಹೂವು ಏರಿಸಿ, ತಮ್ಮ ಬಲಗೈಗೂ ಒಂದಿಷ್ಟು ಕುಂಕುಮ ಹಚ್ಚಿಕೊಂಡರು. ಅದೂ ಇಷ್ಟು ದಿನ ಆಯುಧವೇ ಅಲ್ಲವೇ ಎಂದರು. ದೀಪಾವಳಿ ಬಂತು, ಹೋಯಿತು. ಕೀಲಿಯ ಮಾತು ಯಾರೂ ಎತ್ತಲಿಲ್ಲ. ಮಗಳೇ ಹಬ್ಬಕ್ಕೆ ಇಲ್ಲಿಗೆ ಬಂದಳು.

ಪೆಟ್ಟಿಗೆಯ ಮೇಲೆ ಹೆಸರು ಬರೆಯಿಸುವಾಗ ಒಂದು ದಿನ ಪೂರ್ತಿ ಪೆನ್ನು ಹಿಡಿದು ಕುಳಿತಿದ್ದೆ. ಕನ್ನಡದ ಬದಿಗೆ ರೊಟ್ಟಿ ಎಂದು ಬರೆದೆ. ದೇವನಾಗರಿಯ ಬದಿಗೆ ಬರೆಯುವಾಗ ಕೈ ಒಮ್ಮೆ ತಡೆಯಿತು, ಅಷ್ಟೇ.

ಪೆಟ್ಟಿಗೆಗಳು ಬಂದ ವಾರ ಟೀಚರ್ ಬಾಯಿ ಮೈದುನನನ್ನು ಕರೆದುಕೊಂಡು ಬಂದರು. ಹೊಸ್ತಿಲಲ್ಲಿ ನಿಂತು, ಒಮ್ಮೆ ಕೆಮ್ಮಿ, ಪಾಠ ಒಪ್ಪಿಸುವ ಹುಡುಗಿಯ ಎಚ್ಚರಿಕೆಯಲ್ಲಿ, ನನ್ನ ತಿದ್ದುಪಡಿಗಳನ್ನೆಲ್ಲ ನೆನಪಿಟ್ಟುಕೊಂಡು ಕೇಳಿದರು:

“ಶೇಟ್, ತುಮ್ಚೆಂ ರೊಟ್ಟಿಚೆಂ ಮಶೀನ್ ಆಯ್ಲೆಂ?”

ರೊಟ್ಟಿ ಮಶೀನು ಬಂತೇ ಎಂದು. ‘ಟ’ಕ್ಕೆ ಒತ್ತು ಕೊಟ್ಟು, ಬಹಳ ಚಂದ ಹೇಳಿದರು. ನಾನು ಎದ್ದು ನಿಂತು ಪೆಟ್ಟಿಗೆಯ ದೇವನಾಗರಿ ಬದಿಯನ್ನು ಅವರ ಕಡೆಗೆ ತಿರುಗಿಸಿದೆ.

“ಭಾಕ್ರೆಚೆಂ, ಬಾಯಿ” ಎಂದೆ. “ಭಾಕ್ರೆಚೆಂ.”

ಅವರು ಮೈದುನನ ಕಡೆ ತಿರುಗಿ ಮೆಲ್ಲಗೆ ಏನೋ ಹೇಳಿದರು. ನನಗೆ ಕೇಳಿಸಿತು. ಈ ಶೇಟಿಗೆ ಏನು ಹೇಳಿದರೂ ತಪ್ಪೇ ಎಂದರು.